ಸ್ರಾವ, ಪಾತ, ಪ್ರಸವ: ಬಲಿತ ಗರ್ಭದ ವಿವಾದದಲ್ಲಿ ಶಬ್ದವಿಮರ್ಶೆ

1

ಶಬ್ದಾರ್ಥವು ಸ್ಥಿರವಾಗಿಲ್ಲದ ಕಡೆ ವ್ಯವಹಾರನಿರ್ಣಯವು ಸ್ಥಿರವಾಗಿರಲಾರದು ಎಂಬುದು ವ್ಯಾಕರಣವನ್ನೂ ಮೀಮಾಂಸೆಯನ್ನೂ ವ್ಯಾಸಂಗಮಾಡಿದವರಿಗೆ ಹೊಸ ಮಾತಲ್ಲ. ಆದರೆ ಒಂದು ಪದದ ಅರ್ಥವು ಸಂದಿಗ್ಧವಾಗಿದ್ದ ಕಾರಣದಿಂದ, ದೇಶದ ಅತ್ಯುಚ್ಚ ನ್ಯಾಯಪೀಠವು ಕೊಟ್ಟ ಅಪ್ಪಣೆಯು ಎರಡೇ ದಿನಗಳಲ್ಲಿ ಅಲುಗಾಡಿ, ಒಂದು ವಾರದಲ್ಲಿ ಇಲ್ಲವಾದ ಸಂದರ್ಭವು ನಮ್ಮ ಕಾಲದಲ್ಲಿಯೇ ಒದಗಿದೆ. ಅದು 2023ರ ಅಕ್ಟೋಬರ್ ತಿಂಗಳಿನ ಮಾತು. ತಿಂಗಳು ತುಂಬುತ್ತ ಬಂದ ಗರ್ಭವನ್ನು ವೈದ್ಯರ ಮೂಲಕ ತೆಗೆಸಬಹುದೇ, ತೆಗೆಸಬಹುದಾದರೆ ಯಾರ ಮಾತಿನ ಮೇಲೆ, ಎಷ್ಟನೆಯ ವಾರದವರೆಗೆ ಎಂಬುದೇ ಅಲ್ಲಿನ ವಿವಾದವಿಷಯವು.

ಕನ್ನಡದಲ್ಲಿ ಈ ವಿಷಯವನ್ನು ಚರ್ಚಿಸುವವರಿಗೆ ಸಾಮಾನ್ಯವಾಗಿ ಎರಡು ಪದಗಳು ಒದಗುತ್ತವೆ. ನಿಷೇಧಪಕ್ಷದವರು ‘ಭ್ರೂಣಹತ್ಯೆ’ ಎನ್ನುವರು. ಅನುಮತಿಪಕ್ಷದವರು ‘ಗರ್ಭಪಾತ’ ಎನ್ನುವರು. ಮೊದಲನೆಯವರು ಎಂಟು ವಾರದ ಗರ್ಭಕ್ಕೂ ಇಪ್ಪತ್ತೆಂಟು ವಾರದ ಗರ್ಭಕ್ಕೂ ಹತ್ಯೆ ಎಂಬ ಮಾತನ್ನೇ ಹೇಳುತ್ತಾರೆ. ಎರಡನೆಯವರು ಅವೆರಡಕ್ಕೂ ಪಾತ ಎಂಬ ಮಾತನ್ನೇ ಹೇಳುತ್ತಾರೆ. ಸಾಧಿಸಬೇಕಾದುದನ್ನು ಹೆಸರಿನಲ್ಲಿಯೇ ಸಿದ್ಧವೆಂದು ಅಡಗಿಸಿಟ್ಟುಕೊಳ್ಳುವುದು ಎರಡು ಪಕ್ಷಗಳಿಗೂ ಸಮಾನವಾದ ದೋಷವು. ಪ್ರಾಚೀನ ಗ್ರಂಥಗಳಲ್ಲಿ ಈ ಪದಗಳ ಅರ್ಥವೇನು, ಅವುಗಳಿಗಿಂತ ಸೂಕ್ಷ್ಮವಾದ ವಿಭಾಗವು ಅಲ್ಲಿ ಉಂಟೇ, ಆ ವಿಭಾಗವು ಈಗಿನ ಕಾಯಿದೆಯನ್ನೂ ನಿರ್ಣಯವನ್ನೂ ವಿಮರ್ಶಿಸಲು ಉಪಕರಿಸುವುದೇ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸುವೆವು. ಶಾಸ್ತ್ರವನ್ನು ಉದಾಹರಿಸುವುದು ಕಾಯಿದೆಯ ಸ್ಥಾನದಲ್ಲಿ ಅದನ್ನು ಕೂರಿಸುವುದಕ್ಕಲ್ಲ. ಮಾತನ್ನು ಶೋಧಿಸುವುದಕ್ಕೆ ಮಾತ್ರ.

2

ಮೊದಲು ‘ಭ್ರೂಣ’ ಶಬ್ದ. ಅಮರಸಿಂಹನು ಗರ್ಭ, ಭ್ರೂಣ ಎಂಬೆರಡನ್ನೂ ಸಮಾನಾರ್ಥಕಗಳೆಂದು ಹೇಳಿ, ನಾನಾರ್ಥವರ್ಗದಲ್ಲಿ ಅದೇ ಪದಕ್ಕೆ ಎಳೆಯ ಮಗು ಎಂಬ ಅರ್ಥವನ್ನೂ ಕೊಟ್ಟಿರುವನು. ಒಳಗಿರುವುದಕ್ಕೂ ಹೊರಗೆ ಬಂದುದಕ್ಕೂ ಒಂದೇ ಹೆಸರಾಗಿರುವ ಈ ಪದದಲ್ಲಿ ಸಂದೇಹವು ಮೊದಲಿನಿಂದಲೂ ಇದೆ. ಧಾತುಪಾಠದ ಚುರಾದಿಗಣದಲ್ಲಿ ಇದೇ ರೂಪದ ಧಾತುವೊಂದುಂಟು. ಅದರ ಅರ್ಥಗಳು ಆಶೆ ಮತ್ತು ವಿಶಂಕೆ. ಬಸಿರಿನ ವಿಷಯದಲ್ಲಿ ಈ ಎರಡು ಭಾವಗಳೂ ಜೊತೆಯಾಗಿಯೇ ಇರುವುದನ್ನು ತಾಯಂದಿರೆಲ್ಲರೂ ಬಲ್ಲರು.

ಸೂತ್ರಗ್ರಂಥಗಳಿಗೆ ಬಂದರೆ ಅರ್ಥವು ಬೇರೆಯ ಕಡೆಗೆ ತಿರುಗುತ್ತದೆ. ಬೌಧಾಯನ ಗೃಹ್ಯಸೂತ್ರವು ಬ್ರಾಹ್ಮಣರನ್ನು ವಿದ್ಯೆಯ ತಾರತಮ್ಯದಿಂದ ವಿಂಗಡಿಸುವಾಗ, ಸೂತ್ರಪ್ರವಚನಗಳನ್ನು ಅಧ್ಯಯನಮಾಡಿದವನಿಗೆ ‘ಭ್ರೂಣ’ ಎಂಬ ಹೆಸರನ್ನಿಡುತ್ತದೆ. ವಸಿಷ್ಠ ಧರ್ಮಸೂತ್ರವು ಬ್ರಾಹ್ಮಣನನ್ನು ಕೊಂದವನನ್ನೂ ‘ಅವಿಜ್ಞಾತ’ವಾದ ಗರ್ಭವನ್ನು ಕೊಂದವನನ್ನೂ ಭ್ರೂಣಹಂತೃವೆಂದು ಒಟ್ಟಿಗೆ ಹೇಳುತ್ತದೆ. ಮನುವೂ ಹನ್ನೊಂದನೆಯ ಅಧ್ಯಾಯದಲ್ಲಿ ಅವಿಜ್ಞಾತ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ವಿಧಿಸಿರುವನು. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವವರು, ನಮ್ಮ ಪೂರ್ವಿಕರು ಗರ್ಭದ ಪ್ರಾಣಕ್ಕೆ ಪರಮಗೌರವವನ್ನು ಕೊಟ್ಟಿದ್ದರು ಎಂದು ತೀರ್ಮಾನಿಸುವರು. ಆದರೆ ‘ಅವಿಜ್ಞಾತ’ ಎಂಬ ವಿಶೇಷಣವನ್ನು ಅವರು ಅರ್ಥಮಾಡದೆ ಬಿಡುತ್ತಾರೆ. ವ್ಯಾಖ್ಯಾತೃಗಳು ಅದನ್ನು ಗಂಡೋ ಹೆಣ್ಣೋ ಎಂದು ತಿಳಿಯದಿರುವ ಗರ್ಭ ಎಂದು ವಿವರಿಸಿರುವರು. ವಸಿಷ್ಠನೇ ಕಾರಣವನ್ನು ಸ್ಪಷ್ಟವಾಗಿ ಹೇಳುತ್ತಾನೆ: ತಿಳಿಯದ ಗರ್ಭಗಳು ಗಂಡಾಗುತ್ತವೆಂದು ಭಾವಿಸತಕ್ಕದ್ದು. ಅಂದರೆ ಆ ಗುರುತರವಾದ ಪ್ರಾಯಶ್ಚಿತ್ತಕ್ಕೆ ಆಧಾರವು ಪುತ್ರಸಂಭಾವನೆ. ಇನ್ನು, ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯನ್ನು ನೋಡಿದರೆ, ಗರ್ಭಹಂತೃವಿನ ಪ್ರಾಯಶ್ಚಿತ್ತವು ವರ್ಣಾನುಸಾರಿಯೆಂಬ ಮಾತು ಮೂಲದಲ್ಲಿಯೇ ಇದೆ. ಎಲ್ಲ ಗರ್ಭಗಳಿಗೂ ಒಂದೇ ಬೆಲೆಯನ್ನು ಆ ಗ್ರಂಥಗಳು ಕಟ್ಟಿಲ್ಲ.

ಈ ಮಾತು ಹಳೆಯ ಪುಸ್ತಕಗಳ ಗೊಡವೆ ಮಾತ್ರವೆಂದು ತಿಳಿಯಬಾರದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಗರ್ಭದ ಲಿಂಗವನ್ನು ಪತ್ತೆಮಾಡಿ, ಹೆಣ್ಣೆಂದು ತಿಳಿದುದನ್ನು ತೆಗೆಸುತ್ತಿದ್ದ ಜಾಲವು ಪೋಲೀಸರ ಕೈಗೆ ಸಿಕ್ಕಿತು. ಇಂತಹ ಪರೀಕ್ಷೆಯನ್ನು 1994ರ ಕಾಯಿದೆಯೇ ನಿಷೇಧಿಸಿದೆ. ಅಲ್ಲಿ ನಡೆದುದು ವಿಜ್ಞಾತವಾದ ಗರ್ಭದ ನಾಶ. ‘ಅವಿಜ್ಞಾತ’ ಎಂಬ ಒಂದೇ ವಿಶೇಷಣದ ಬೆನ್ನಿಗಿರುವ ಪುತ್ರಾಭಿಲಾಷೆಯೇ ಆಲೆಮನೆಯ ಯಂತ್ರದ ಬೆನ್ನಿಗೂ ಇತ್ತು. ಆದುದರಿಂದ ಭ್ರೂಣಹತ್ಯೆ ಎಂಬ ಪ್ರಾಚೀನ ಪದವನ್ನು ಸರ್ವಜೀವಗೌರವದ ಪ್ರಮಾಣವಾಗಿ ಎತ್ತಿ ತೋರಿಸುವವರು, ಆ ಪದದ ಒಳಗೇ ಹೆಣ್ಣಿನ ಬೆಲೆ ಕಡಿಮೆಯಾಗಿರುವುದನ್ನು ಒಪ್ಪಿಕೊಂಡು ಮುಂದುವರಿಯಬೇಕು.

ಎದುರುಪಕ್ಷದವರಿಗೂ ಶಾಸ್ತ್ರದ ಬೆಂಬಲವು ಸಿಗುವಂತಿಲ್ಲ. ಯಾಜ್ಞವಲ್ಕ್ಯನು ಸ್ತ್ರೀಯರಿಗೆ ವಿಶೇಷವಾಗಿ ಪತನೀಯವಾದ ಕರ್ಮಗಳಲ್ಲಿ ಗರ್ಭಪಾತನವನ್ನು ಪತಿಹಿಂಸೆಯ ಜೊತೆಗೇ ಎಣಿಸಿರುವನು. ಪ್ರಾಚೀನರು ಇದನ್ನು ಅನುಮತಿಸಿದ್ದರು ಎಂಬ ಮಾತು ಎಷ್ಟು ನಿರಾಧಾರವೋ, ಅವರು ಇದನ್ನು ಒಂದೇ ಅಳತೆಗೋಲಿನಿಂದ ನಿಷೇಧಿಸಿದ್ದರು ಎಂಬ ಮಾತೂ ಅಷ್ಟೇ ನಿರಾಧಾರ.

3

ಅಳತೆಗೋಲು ಒಂದಲ್ಲ ಎಂಬುದಕ್ಕೆ ಪ್ರಬಲವಾದ ಸಾಕ್ಷ್ಯವು ಪ್ರಾಯಶ್ಚಿತ್ತಪ್ರಕರಣದಲ್ಲಿಲ್ಲ. ವೈದ್ಯಶಾಸ್ತ್ರದಲ್ಲಿಯೂ ಆಶೌಚಪ್ರಕರಣದಲ್ಲಿಯೂ ಇದೆ. ಸುಶ್ರುತನು ನಿದಾನಸ್ಥಾನದ ಮೂಢಗರ್ಭಾಧ್ಯಾಯದಲ್ಲಿ ನಾಲ್ಕನೆಯ ತಿಂಗಳವರೆಗೆ ಗರ್ಭವು ಜಾರಿದರೆ ಅದು ಸ್ರಾವವೆಂದೂ, ಶರೀರವು ಗಟ್ಟಿಯಾದಮೇಲೆ ಐದು ಆರನೆಯ ತಿಂಗಳುಗಳಲ್ಲಿ ಅದು ಪಾತವೆಂದೂ ಹೇಳಿರುವನು. ಪರಾಶರಸ್ಮೃತಿಯು ಇದೇ ವಿಭಾಗವನ್ನು ಎತ್ತಿಕೊಂಡು ಮೂರನೆಯ ಪದವೊಂದನ್ನು ಕೂಡಿಸುತ್ತದೆ: ಆರು ತಿಂಗಳಿನಿಂದ ಮುಂದೆ ಅದು ಪ್ರಸೂತಿ, ಆಗ ಹತ್ತು ದಿನಗಳ ಸೂತಕ. ಸ್ರವಿಸುವುದು ದ್ರವ, ಬೀಳುವುದು ಘನ, ಪ್ರಸವವಾಗುವುದು ಶಿಶು. ಧಾತುಗಳೇ ವಸ್ತುವಿನ ಅವಸ್ಥೆಯನ್ನು ಹೇಳುತ್ತವೆ. ಆರು ತಿಂಗಳಾದ ಮೇಲೆ ಹೊರಬಂದುದನ್ನು, ಅದು ಬದುಕಲಿ ಬದುಕದಿರಲಿ, ಪಾತವೆಂದು ಕರೆಯುವುದಕ್ಕೆ ಸ್ಮೃತಿಕಾರನು ಒಪ್ಪುವುದಿಲ್ಲ.

ಕನ್ನಡದ ಹೆಂಗಸರ ಮಾತಿನಲ್ಲಿಯೂ ಈ ವಿವೇಕವುಂಟು. ಮೊದಲ ತಿಂಗಳುಗಳಲ್ಲಿ ‘ಬಸಿರು ನಿಲ್ಲಲಿಲ್ಲ’ ಎನ್ನುವರು. ಆಮೇಲೆ ‘ಬಸಿರು ಇಳಿಯಿತು’ ಎನ್ನುವರು. ಏಳನೆಯ ತಿಂಗಳಾದರೆ ‘ದಿನ ತುಂಬುವ ಮೊದಲೇ ಹೆತ್ತಳು’ ಎನ್ನುವರು. ದನಕರುಗಳ ವಿಷಯಕ್ಕೆ ‘ಕಂದು ಹಾಕಿತು’ ಎಂಬ ಬೇರೆ ಮಾತೇ ಇದೆ. ಹಳ್ಳಿಯ ಸೂಲಗಿತ್ತಿಯು ಬೇರ್ಪಡಿಸುತ್ತಿದ್ದ ಮೂರು ಸಂಗತಿಗಳನ್ನು ಪತ್ರಿಕೆಯನ್ನೋದುವ ನಾವು ಒಂದು ಪದದಲ್ಲಿ ಬೆರಸಿಬಿಟ್ಟಿದ್ದೇವೆ.

ಜೀವವು ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಪ್ರಾಚೀನರಲ್ಲಿ ಒಮ್ಮತವಿಲ್ಲ. ಚರಕನು ಶುಕ್ರಶೋಣಿತಸಂಯೋಗದ ಕಾಲದಲ್ಲಿಯೇ ಜೀವದ ಅವಕ್ರಮಣವನ್ನು ಹೇಳುತ್ತಾನೆ. ಸುಶ್ರುತನು ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗಿ ಚೇತನಾಧಾತುವು ಪ್ರಕಟವಾಗುವುದೆಂದೂ, ಅಲ್ಲಿಂದ ಗರ್ಭಿಣಿಯು ಎರಡು ಹೃದಯಗಳುಳ್ಳವಳೆಂದೂ ಹೇಳುತ್ತಾನೆ. ಗರ್ಭೋಪನಿಷತ್ತು ಜೀವಸಂಯೋಗವನ್ನು ಏಳನೆಯ ತಿಂಗಳಿಗೆ ಇಟ್ಟಿದೆ. ಮೂರು ಪ್ರಮಾಣಗಳು ಮೂರು ಕಾಲಗಳನ್ನು ಹೇಳಿರಲು, ಶಾಸ್ತ್ರದಲ್ಲಿ ಜೀವಾರಂಭವು ನಿಶ್ಚಿತವೆನ್ನುವುದು ಒಂದನ್ನು ಹಿಡಿದು ಎರಡನ್ನು ಮುಚ್ಚಿಡುವ ಕೆಲಸವಾಗುತ್ತದೆ. ಜೀವಾರಂಭದ ವಿಷಯದಲ್ಲಿ ಒಪ್ಪದಿದ್ದರೂ ಗರ್ಭವು ಬೆಳೆದಂತೆಲ್ಲ ಕೃತ್ಯದ ಸ್ವರೂಪವು ಬೇರೆಯಾಗುತ್ತದೆ ಎಂಬುದರಲ್ಲಿ ಅವರೆಲ್ಲರೂ ಒಪ್ಪುತ್ತಾರೆ. ಪ್ರಕೃತಕ್ಕೆ ಬೇಕಾದುದು ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಪರಾಶರನ ಆರು ತಿಂಗಳು ಈಗಿನ ಕಾಯಿದೆಯ ಇಪ್ಪತ್ತುನಾಲ್ಕು ವಾರಗಳಿಗೆ ಸಮೀಪವಾಗಿರುವುದನ್ನು ಕಂಡು, ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಹಿಗ್ಗುವುದು ಸಾಧುವಲ್ಲ. ವೈದ್ಯರು ಈಗ ಕೊನೆಯ ಋತುವಿನ ಮೊದಲನೆಯ ದಿನದಿಂದ ವಾರಗಳನ್ನೆಣಿಸುವರು; ಗರ್ಭಧಾರಣೆಯಿಂದ ಎಣಿಸಿದರೆ ಸುಮಾರು ಎರಡು ವಾರಗಳ ಅಂತರವು ಬರುತ್ತದೆ. ಪರಾಶರನ ಪ್ರಯೋಜನವು ಸೂತಕದಿನಗಳ ನಿರ್ಣಯ. ಕಾಯಿದೆಯ ಪ್ರಯೋಜನವು ಅಪರಾಧದ ನಿರ್ಣಯ. ಪ್ರಾಚೀನರಿಂದ ತೆಗೆದುಕೊಳ್ಳಬೇಕಾದುದು ವಿಭಾಗಮಾಡುವ ಬುದ್ಧಿ, ಸಂಖ್ಯೆಯಲ್ಲ.

ಅದೇ ಬುದ್ಧಿಯು ಸುಶ್ರುತನ ಚಿಕಿತ್ಸಾಸ್ಥಾನದಲ್ಲಿ ಇನ್ನೂ ಸ್ಪಷ್ಟವಾಗಿದೆ. ಹೊರಬರಲಾರದೆ ಸಿಕ್ಕಿಕೊಂಡ ಗರ್ಭವನ್ನು ತೆಗೆಯುವುದಕ್ಕಿಂತ ಕಷ್ಟವಾದ ಶಸ್ತ್ರಕರ್ಮವಿಲ್ಲವೆಂದೂ, ಅಧಿಪತಿಯ ಅನುಮತಿಯನ್ನು ಪಡೆದು ಪರಮಯತ್ನದಿಂದ ಅದನ್ನು ಮಾಡಬೇಕೆಂದೂ ಹೇಳಿ, ಎರಡು ನಿಯಮಗಳನ್ನು ಇಡುತ್ತಾನೆ. ಗರ್ಭವು ಜೀವಿಸಿದ್ದರೆ ಅದನ್ನು ಹೊರತೆಗೆಯಲು ಯತ್ನಿಸಬೇಕು, ಶಸ್ತ್ರದಿಂದ ಕತ್ತರಿಸಬಾರದು. ಹಾಗೆ ಮಾಡಿದರೆ ತಾಯಿಯೂ ಶಿಶುವೂ ನಾಶವಾಗುವರು. ಗರ್ಭವು ಸತ್ತಿದ್ದರೆ ಮುಹೂರ್ತಕಾಲವೂ ಉಪೇಕ್ಷಿಸಬಾರದು. ಅದು ತಾಯಿಯನ್ನು ಕೊಲ್ಲುತ್ತದೆ. ‘ಹೊರತೆಗೆಯುವುದು’ ಮತ್ತು ‘ಕೊಲ್ಲುವುದು’ ಎಂಬೆರಡು ಕ್ರಿಯೆಗಳನ್ನು ಸುಶ್ರುತನು ಬೇರೆಯಾಗಿಯೇ ಇಟ್ಟಿರುವನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಮರ್ಶೆಗೆಲ್ಲ ಇದೇ ಕೀಲಿ.

4

ಇನ್ನು ಕಾಯಿದೆ. 1860ರ ಭಾರತೀಯ ದಂಡಸಂಹಿತೆಯು ಗರ್ಭಪಾತಮಾಡಿಸುವುದನ್ನು ಅಪರಾಧವೆಂದು ವಿಧಿಸಿ, ಸಾಧಾರಣ ಸಂದರ್ಭಕ್ಕೆ 3 ವರ್ಷಗಳವರೆಗೂ, ಗರ್ಭದ ಚಲನೆಯು ತಾಯಿಗೆ ತಿಳಿಯುವಂತಾದ ಮೇಲೆ 7 ವರ್ಷಗಳವರೆಗೂ ಸೆರೆವಾಸವನ್ನು ಗೊತ್ತುಮಾಡಿತು. ತಾಯಿಯ ಪ್ರಾಣವನ್ನುಳಿಸಲು ಸದ್ಭಾವದಿಂದ ಮಾಡಿದುದು ಮಾತ್ರ ಅದಕ್ಕೆ ಹೊರತು. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಸ್ತ್ರೀಯೂ ಅಪರಾಧಿಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿಯೂ ಈ ವ್ಯವಸ್ಥೆಯೇ ಮುಂದುವರಿದಿದೆ. ಮೀಮಾಂಸಕರ ಪರಿಭಾಷೆಯಲ್ಲಿ ಇದು ಉತ್ಸರ್ಗ. ಶಾಂತಿಲಾಲ್ ಷಾ ಸಮಿತಿಯು 1966ರಲ್ಲಿ ಕೊಟ್ಟ ವರದಿಯ ಮೇಲೆ ಹುಟ್ಟಿ, 1972ರ ಏಪ್ರಿಲ್ 1ರಂದು ಜಾರಿಗೆ ಬಂದ 1971ರ ವೈದ್ಯಕೀಯ ಗರ್ಭಸಮಾಪ್ತಿಯ ಕಾಯಿದೆಯು ಅಪವಾದ. ಇಲ್ಲಿ ಮೊದಲಿನಿಂದಲೂ ನೆನಪಿಡಬೇಕಾದುದೊಂದುಂಟು: ಆ ಅಪವಾದವು ಸ್ತ್ರೀಗೆ ಅಧಿಕಾರವನ್ನು ಕೊಡಲಿಲ್ಲ, ವೈದ್ಯನಿಗೆ ರಕ್ಷಣೆಯನ್ನು ಕೊಟ್ಟಿತು. ಆಕೆಯ ಸಮ್ಮತಿಯಿಲ್ಲದೆ ನಡೆಯಕೂಡದು. ಆದರೆ ಆಕೆಯ ಸಮ್ಮತಿಯೊಂದರಿಂದಲೇ ನಡೆಯುವುದೂ ಇಲ್ಲ. ವೈದ್ಯನ ಸದ್ಭಾವಪೂರ್ವಕ ಅಭಿಪ್ರಾಯವೇ ಪ್ರಮಾಣ.

ಮೊದಲು ಈ ಅಪವಾದದ ಎಲ್ಲೆಯು 20 ವಾರಗಳು. 2008ರ ಆಗಸ್ಟ್‌ನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು, ಗರ್ಭಸ್ಥ ಶಿಶುವಿನ ಹೃದಯದಲ್ಲಿ ದೋಷವು ಕಂಡುಬಂದ 26 ವಾರಗಳ ಪ್ರಕರಣವೊಂದರಲ್ಲಿ ಅನುಮತಿಯನ್ನು ನಿರಾಕರಿಸಿತು. ಎಲ್ಲೆಯನ್ನು ಕುರಿತ ಚರ್ಚೆಯು ಅಲ್ಲಿಂದ ಬಲಗೊಂಡಿತು. ಸಂತಾನವನ್ನು ಪಡೆಯುವ ಪಡೆಯದಿರುವ ನಿರ್ಧಾರವು ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿತು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಅರ್ಜಿದಾರರಾಗಿದ್ದ 2017ರ ನಿರ್ಣಯದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಿರವಾದ ಮೇಲೆ ಆ ಮಾತಿಗೆ ಇನ್ನೂ ಬಲ ಬಂದಿತು. 2021ರ ತಿದ್ದುಪಡಿಯು ಎಲ್ಲೆಯನ್ನು ಮೂರು ಮೆಟ್ಟಿಲುಗಳಾಗಿ ಮಾಡಿತು. 20 ವಾರಗಳವರೆಗೆ ಒಬ್ಬ ವೈದ್ಯನ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತವಯಸ್ಕರು, ಗರ್ಭಕಾಲದಲ್ಲಿ ವಿಧವೆಯಾದವರು ಅಥವಾ ವಿಚ್ಛೇದನಪಡೆದವರು ಮೊದಲಾಗಿ ನಿಯಮದಲ್ಲಿ ಹೇಳಿದ ವರ್ಗದವರಿಗೆ ಮಾತ್ರ. 24ರ ಮೇಲೆ, ವೈದ್ಯಮಂಡಲಿಯು ಗರ್ಭದಲ್ಲಿ ಗಣನೀಯವಾದ ವೈಕಲ್ಯವನ್ನು ನಿರ್ಣಯಿಸಿದರೆ ಮಾತ್ರ. ಇವೆಲ್ಲಕ್ಕೂ ಹೊರತಾಗಿ, ತಾಯಿಯ ಪ್ರಾಣವನ್ನುಳಿಸಲು ಕೂಡಲೇ ಆವಶ್ಯಕವಾದರೆ 5ನೆಯ ಕಲಮು ಯಾವ ವಾರದಲ್ಲಿಯೂ ಅನುಮತಿಸುತ್ತದೆ. ಎರಡನೆಯ ಮೆಟ್ಟಿಲಿನ ವರ್ಗಗಳಲ್ಲಿ ಅವಿವಾಹಿತೆಯರೂ ಸೇರುವರೆಂದು 2022ರ ಸೆಪ್ಟೆಂಬರ್ 29ರ ನಿರ್ಣಯವು ಸ್ಪಷ್ಟಪಡಿಸಿತು.

ಧರ್ಮಶಾಸ್ತ್ರವನ್ನು ಓದಿದವರಿಗೆ ಈ ಮೆಟ್ಟಿಲುಗಳ ಸ್ವರೂಪವು ಪರಿಚಿತವೇ. ಬ್ರಾಹ್ಮಣನ ಉಪನಯನಕ್ಕೆ ಎಂಟನೆಯ ವರ್ಷವು ಮುಖ್ಯಕಾಲ, ಹದಿನಾರರವರೆಗೆ ಗೌಣಕಾಲ. ಕಾರಣವಶದಿಂದ ಮುಖ್ಯಕಾಲವು ತಪ್ಪಿದವನನ್ನು ಶಾಸ್ತ್ರವು ಒಮ್ಮೆಗೇ ಹೊರಗೆ ಹಾಕುವುದಿಲ್ಲ. 20 ವಾರಗಳು ಮುಖ್ಯಕಾಲ, 24 ಗೌಣಕಾಲ, ಅದರಾಚೆಯದು ನೈಮಿತ್ತಿಕ ಎಂದು ತಿಳಿದರೆ ಕಾಯಿದೆಯ ರಚನೆಯು ಸುಗಮವಾಗಿ ಅರ್ಥವಾಗುವುದು.

ಆದರೆ ಮೆಟ್ಟಿಲುಗಳನ್ನು ಇಷ್ಟು ಎಚ್ಚರದಿಂದ ಕಟ್ಟಿದವರು, ಆ ಮೆಟ್ಟಿಲುಗಳ ಮೇಲೆ ನಡೆಯುವ ಕ್ರಿಯೆಯೇನು ಎಂಬುದನ್ನು ಹೇಳಲಿಲ್ಲ. 2021ರ ತಿದ್ದುಪಡಿಯಲ್ಲಿ ಗರ್ಭಸಮಾಪ್ತಿಗೆ ಲಕ್ಷಣವೊಂದನ್ನು ಸೇರಿಸಿರುವರು. ಔಷಧದಿಂದಾಗಲಿ ಶಸ್ತ್ರದಿಂದಾಗಲಿ ಗರ್ಭವನ್ನು ಸಮಾಪ್ತಿಗೊಳಿಸುವ ವಿಧಾನವೇ ಗರ್ಭಸಮಾಪ್ತಿ ಎಂಬುದು ಅದರ ತಾತ್ಪರ್ಯ. ಲಕ್ಷ್ಯವನ್ನೇ ಲಕ್ಷಣದಲ್ಲಿ ಸೇರಿಸಿದರೆ ಅದು ಆತ್ಮಾಶ್ರಯದೋಷವೆಂದು ತರ್ಕವನ್ನು ಮೊದಲ ವರ್ಷ ಓದುವ ವಿದ್ಯಾರ್ಥಿಯೂ ಹೇಳುವನು. ಸಮಾಪ್ತಿಯಾಗುವುದು ಗರ್ಭಿಣೀತ್ವವೋ, ಗರ್ಭದ ಪ್ರಾಣವೋ? ಮೊದಲ ತಿಂಗಳುಗಳಲ್ಲಿ ಈ ಪ್ರಶ್ನೆಯು ನಿಷ್ಪ್ರಯೋಜಕ. ಒಂದು ಮುಗಿದರೆ ಇನ್ನೊಂದೂ ಮುಗಿದಂತೆಯೇ. ಗರ್ಭವು ಹೊರಗೆ ಬಂದು ಬದುಕಬಲ್ಲಷ್ಟು ಬಲಿತ ಮೇಲೆ ಎರಡೂ ಬೇರೆಬೇರೆ ಕ್ರಿಯೆಗಳಾಗುತ್ತವೆ. ಸ್ರಾವಪಾತಗಳಲ್ಲಿ ಅಭಿನ್ನವಾದುದು ಪ್ರಸವದಲ್ಲಿ ಭಿನ್ನವಾಗುತ್ತದೆ. ಕಾಯಿದೆಯು ಆ ಗಡಿಯಲ್ಲಿ ವಾರದ ಸಂಖ್ಯೆಯನ್ನು ಬರೆದಿದೆ, ಹೆಸರನ್ನು ಬರೆದಿಲ್ಲ.

5

ಈ ಕೊರತೆಯೇ 2023ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮುಂದೆ ಬಂದು ನಿಂತಿತು. ಅರ್ಜಿದಾರಳು 27 ವರ್ಷದ ವಿವಾಹಿತೆ, ಎರಡು ಮಕ್ಕಳ ತಾಯಿ. ಎರಡನೆಯ ಹೆರಿಗೆಯಾದಮೇಲೆ ಮೊಲೆಯೂಡಿಸುತ್ತಿದ್ದ ಕಾಲದಲ್ಲಿ ಮುಟ್ಟು ನಿಂತಿದ್ದುದರಿಂದ, ಮತ್ತೆ ಬಸಿರಾದುದು ಆಕೆಗೆ ತಿಳಿಯಲಿಲ್ಲ. ಬಾಣಂತಿತನದಲ್ಲಿ ಬಂದ ಮನೋರೋಗಕ್ಕೆ ಆಕೆಯು ಔಷಧವನ್ನು ತೆಗೆದುಕೊಳ್ಳುತ್ತಿದ್ದಳು. ಅಕ್ಟೋಬರ್ 9ರಂದು ನ್ಯಾಯಮೂರ್ತಿ ಹಿಮಾ ಕೋಹ್ಲಿ ಮತ್ತು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠವು ಅನುಮತಿಯನ್ನು ಕೊಟ್ಟಿತು. ಮರುದಿನ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ವೈದ್ಯರಿಂದ ಪತ್ರವೊಂದು ಬಂದಿತು: ಶಿಶುವು ಬದುಕಿ ಹೊರಬರುವ ಸಂಭವವು ಬಲವಾಗಿದೆ, ಅದರ ಹೃದಯವನ್ನು ಮೊದಲು ನಿಲ್ಲಿಸಬೇಕೇ ಎಂಬುದನ್ನು ನ್ಯಾಯಾಲಯವು ಹೇಳಬೇಕು ಎಂಬುದು ಅದರ ಸಾರಾಂಶ.

ಕಾಯಿದೆಯನ್ನು ರಚಿಸಿದವರು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಆ ವೈದ್ಯರು ಕೇಳಿದರು. 11ನೆಯ ತಾರೀಖು ಪೀಠವು ಎರಡಾಯಿತು. ನ್ಯಾಯಮೂರ್ತಿ ಕೋಹ್ಲಿಯವರು ತಮ್ಮ ಅಂತಃಕರಣವು ಅನುಮತಿಗೆ ಒಪ್ಪುವುದಿಲ್ಲವೆಂದರು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ನ್ಯಾಯಮೂರ್ತಿ ನಾಗರತ್ನ ಅವರು, ಗರ್ಭದ ಇರವು ತಾಯಿಯ ಇರವನ್ನೇ ಆಶ್ರಯಿಸಿರುವುದರಿಂದ ಅದನ್ನು ಆಕೆಯಿಂದ ಬೇರೆಯಾದ ವ್ಯಕ್ತಿಯೆಂದು ಎಣಿಸಲಾಗದೆಂದೂ, ಆಕೆಯ ನಿರ್ಧಾರವನ್ನು ಮನ್ನಿಸಬೇಕೆಂದೂ ಅಭಿಪ್ರಾಯಪಟ್ಟು ಹಿಂದಿನ ಆಜ್ಞೆಯನ್ನೇ ಎತ್ತಿಹಿಡಿದರು. ಮೂವರು ನ್ಯಾಯಮೂರ್ತಿಗಳ ಪೀಠವು 16ರಂದು ಅನುಮತಿಯನ್ನು ನಿರಾಕರಿಸಿತು. ಗರ್ಭಕ್ಕೆ ಆಗ 26 ವಾರ 5 ದಿನಗಳು, ವೈಕಲ್ಯವಿಲ್ಲ, ತಾಯಿಯ ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ. ಹೆರಿಗೆಯ ವೆಚ್ಚವನ್ನು ಸರ್ಕಾರವು ವಹಿಸಬೇಕು, ಮಗುವನ್ನು ದತ್ತಕ್ಕೆ ಕೊಡುವುದು ತಂದೆತಾಯಿಗಳ ಇಚ್ಛೆ ಎಂದು ನಿರ್ಣಯವಾಯಿತು.

ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ದಯಾಳುಗಳು, ಇನ್ನೊಬ್ಬರು ನಿಷ್ಠುರರು ಎಂದು ಹೇಳುವುದು ವಿಮರ್ಶೆಯಾಗಲಾರದು. ಇಬ್ಬರೂ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಓದಿದರು. 9ನೆಯ ತಾರೀಖಿನ ಆಜ್ಞೆಯಲ್ಲಿ ‘ಸಮಾಪ್ತಿ’ ಎಂಬ ಪದವು ಗರ್ಭಿಣೀತ್ವದಿಂದ ಬಿಡುಗಡೆ ಎಂಬ ಅರ್ಥದಲ್ಲಿ ನಿಂತಿತ್ತು. ವೈದ್ಯರ ಪತ್ರವು ಅದರ ಎರಡನೆಯ ಅರ್ಥವನ್ನು ಬೆಳಕಿಗೆ ತಂದಿತು. ನ್ಯಾಯಮೂರ್ತಿ ನಾಗರತ್ನ ಅವರ ವಾದವು ಪಾತಾವಸ್ಥೆಗೆ ಸಂಪೂರ್ಣವಾಗಿ ಸಲ್ಲುತ್ತದೆ. ಅಲ್ಲಿ ಆಶ್ರಯವನ್ನು ಬಿಟ್ಟು ಆಶ್ರಿತವಿಲ್ಲ. ಪ್ರಸವಾವಸ್ಥೆಯಲ್ಲಿ ಆಶ್ರಿತವು ಬೇರೊಂದು ಆಶ್ರಯದಲ್ಲಿ ಬದುಕಬಹುದಾದುದರಿಂದ ಹೇತುವು ಅಷ್ಟು ದೃಢವಾಗಿ ನಿಲ್ಲುವುದಿಲ್ಲ. ನಿರಾಕರಣಪಕ್ಷದ ವಾದವಾದರೋ ಹೃದಯವನ್ನು ನಿಲ್ಲಿಸುವುದಕ್ಕೆ ಉತ್ತರವನ್ನು ಕೊಟ್ಟು, ಬಿಡುಗಡೆಯ ಪ್ರಶ್ನೆಯನ್ನು ಅದರಲ್ಲಿಯೇ ಮುಳುಗಿಸಿಬಿಟ್ಟಿತು. ಆಕೆಯು ಕೇಳಿದ ಎರಡರಲ್ಲಿ ಒಂದನ್ನು ಕೊಡಲಾಗದೆಂದರೆ ಎರಡನ್ನೂ ಕೊಡಲಾಗದೆಂದು ಆಗುವುದಿಲ್ಲ. ಇನ್ನೊಂದಕ್ಕೆ ಬೇರೆ ಹೇತುವನ್ನು ಹೇಳಬೇಕು.

ಆ ಹೇತುವೂ ಉಂಟು. ದಿನ ತುಂಬುವ ಮೊದಲು ಶಿಶುವನ್ನು ಹೊರತಂದರೆ ಅದು ಬದುಕಿದರೂ ಅಂಗವೈಕಲ್ಯದಿಂದ ಬದುಕುವ ಭಯವಿದೆ. ಹೀಗಿರಲು ನಿರ್ಣಯಿಸಬೇಕಾದುದು, ಕೆಲವು ವಾರಗಳ ಕಾಲ ಒಬ್ಬಳ ಶರೀರವನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ, ಮುಂದೆ ಹುಟ್ಟುವ ಇನ್ನೊಬ್ಬರ ಆರೋಗ್ಯಕ್ಕಾಗಿ ಹಿಡಿದಿಡಬಹುದೇ ಎಂಬುದು. ಪ್ರಶ್ನೆಯನ್ನು ಹೀಗೆ ನೇರವಾಗಿ ಇಟ್ಟಾಗ ಹತ್ಯೆ, ಪಾತ ಎಂಬ ಎರಡು ಪದಗಳೂ ಹಿಂದೆ ಸರಿಯುತ್ತವೆ. ಉಳಿಯುವುದು ಭಾರ, ಕಾಲ, ಕ್ಲೇಶ. ಹಿಡಿದಿಡಬಹುದೆಂದು ಹೇಳುವವರು ಆ ಕ್ಲೇಶವನ್ನು ಹೆಸರಿಸಿ ಹೇಳಬೇಕು. ಮನೋರೋಗವನ್ನು ಕುರಿತು ಕಾಯಿದೆಯ 3ನೆಯ ಕಲಮು ಮಾತನಾಡುತ್ತದೆ. 5ನೆಯ ಕಲಮು ಪ್ರಾಣವನ್ನು ಮಾತ್ರ ಹೇಳುತ್ತದೆ. ಒಂದು ಕಡೆ ಹೇಳಿದುದನ್ನು ಇನ್ನೊಂದು ಕಡೆ ಹೇಳದಿದ್ದರೆ ಅದು ಬುದ್ಧಿಪೂರ್ವಕವೆಂದು ಮೀಮಾಂಸಕರು ಹೇಳುವರು, ಸರಿ. ಆದರೆ ಆ ಬುದ್ಧಿಯು ಯುಕ್ತವೇ ಎಂಬುದು ಶಾಸನಸಭೆಯು ಉತ್ತರಿಸಬೇಕಾದ ಪ್ರಶ್ನೆ. ಮನಸ್ಸು ಒಡೆದುಹೋದವಳ ಪ್ರಾಣವು ಸುರಕ್ಷಿತವೆಂದು ಯಾವ ವೈದ್ಯನೂ ಧೈರ್ಯದಿಂದ ಹೇಳಲಾರನು.

6

ಕೊನೆಯದಾಗಿ, ಕಾಯಿದೆಯು ಎಣಿಸದೆ ಬಿಟ್ಟಿರುವ ಒಂದು ಸಂಗತಿಯನ್ನು ಹೇಳಬೇಕು. ವಾರಗಳನ್ನು ಎಣಿಸುವವರು, ಆ ವಾರಗಳು ಯಾರಿಂದ ಕಳೆದವು ಎಂಬುದನ್ನು ಎಣಿಸುವುದಿಲ್ಲ. 2017ರಲ್ಲಿ ಚಂಡೀಗಢದ ಹತ್ತು ವರ್ಷದ ಬಾಲಕಿಯೊಬ್ಬಳು ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ತನ್ನ ಶರೀರದಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವ ವಯಸ್ಸೇ ಅದಲ್ಲ. ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು, ಗರ್ಭಕ್ಕೆ 32 ವಾರಗಳಾಗಿರುವುದರಿಂದ ತೆಗೆಯುವುದು ಅಪಾಯಕರವೆಂಬ ವೈದ್ಯಾಭಿಪ್ರಾಯದ ಮೇಲೆ ಅನುಮತಿಯನ್ನು ನಿರಾಕರಿಸಿತು. ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. 2024ರಲ್ಲಿ 14 ವರ್ಷದ ಬಾಲಕಿಯೊಬ್ಬಳ ವಿಷಯದಲ್ಲಿ ಗರ್ಭವು 30 ವಾರಗಳನ್ನು ಸಮೀಪಿಸಿದ್ದಾಗ, ಏಪ್ರಿಲ್ 22ರಂದು ಅದೇ ನ್ಯಾಯಾಲಯವು ಅನುಮತಿಯನ್ನು ಕೊಟ್ಟಿತು. ಮಗಳ ಆರೋಗ್ಯಕ್ಕೆ ಅಂಜಿ ತಂದೆತಾಯಿಗಳು ಮನಸ್ಸನ್ನು ಬದಲಿಸಿದ್ದರಿಂದ 29ರಂದು ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ವಿಳಂಬದ ಕಾರಣಗಳು ಎಲ್ಲರಿಗೂ ತಿಳಿದವೇ: ಅಜ್ಞಾನ, ಮನೆಯವರ ಭಯ, ಊರಿನ ನಾಲಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಟ, ಮಂಡಲಿಯಿಂದ ನ್ಯಾಯಾಲಯಕ್ಕೆ ಪಯಣ. ಗರ್ಭದಲ್ಲಿನ ಎಷ್ಟೋ ದೋಷಗಳು ಯಂತ್ರಕ್ಕೆ ಗೋಚರವಾಗುವುದೇ ಹದಿನೆಂಟು ಇಪ್ಪತ್ತು ವಾರಗಳಾದಮೇಲೆ.

ಇಲ್ಲಿ ಕೌಟಿಲ್ಯನ ವಿಧಿಯೊಂದು ಸ್ಮರಣೀಯ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ಹೊಡೆತದಿಂದ ಗರ್ಭವನ್ನು ಕೆಡಹಿದವನಿಗೆ ಉತ್ತಮದಂಡ, ಔಷಧದಿಂದಾದರೆ ಮಧ್ಯಮ, ಪರಿಕ್ಲೇಶದಿಂದಾದರೆ ಪ್ರಥಮ ಎಂದಿದೆ. ಯಾಜ್ಞವಲ್ಕ್ಯನೂ ಶಸ್ತ್ರಪ್ರಹಾರಕ್ಕೂ ಗರ್ಭಪಾತನಕ್ಕೂ ಉತ್ತಮದಂಡವನ್ನು ಹೇಳಿರುವನು. ಆತನ ಲೆಕ್ಕದಲ್ಲಿ ಅದು 1080 ಪಣಗಳು. ಕೌಟಿಲ್ಯನ ಮೂರರಲ್ಲಿ ಪ್ರಹಾರ ಪರಿಕ್ಲೇಶಗಳಾದರೂ ಸ್ತ್ರೀಯ ಮೇಲೆ ಪರರು ಮಾಡತಕ್ಕವು. ಕಾಡಿಸುವುದು, ಬಳಲಿಸುವುದು ದಂಡಾರ್ಹವೆಂಬ ಈ ಗ್ರಹಿಕೆಯನ್ನು ನಾವು ಮುಂದಕ್ಕೆ ಒಯ್ಯಬಹುದು. ಪರಿಕ್ಲೇಶದಿಂದ ಗರ್ಭವನ್ನು ಕೆಡಹಿದಂತೆಯೇ ಪರಿಕ್ಲೇಶದಿಂದ ಗರ್ಭವನ್ನು ಹೊರಿಸುವುದೂ ಸಾಧ್ಯ. ಇಪ್ಪತ್ತನೆಯ ವಾರದಲ್ಲಿ ಬಾಗಿಲಿಗೆ ಬಂದವಳನ್ನು ಇಪ್ಪತ್ತಾರನೆಯ ವಾರದವರೆಗೆ ಅಲೆಸಿ, ಕಾಲವು ಮೀರಿತೆಂದು ಹೇಳುವುದು ಕಾಯಿದೆಗೆ ಅನುಗುಣವಾಗಿರಬಹುದು, ಧರ್ಮಕ್ಕೆ ಅನುಗುಣವೆನ್ನಲಾಗದು. ಗೌಣಕಾಲದ ಕಲ್ಪನೆಯು ಹುಟ್ಟಿದುದೇ ಅಧಿಕಾರಿಯ ದೋಷವಿಲ್ಲದೆ ತಪ್ಪಿದ ಕಾಲಕ್ಕಾಗಿ.

ಇದುವರೆಗಿನ ವಿಚಾರದಿಂದ ಮೂರು ಮಾತುಗಳು ಫಲಿಸುವುವು. ಒಂದು: ಸ್ರಾವಪಾತಗಳ ಅವಸ್ಥೆಯಲ್ಲಿ, ವೈದ್ಯನ ಅಭಿಪ್ರಾಯದ ನೆರಳಿನಲ್ಲಿ ನಿಂತಿರುವ ಸ್ತ್ರೀಯ ಮಾತನ್ನು ಮುಂದಕ್ಕೆ ತಂದು ಅದನ್ನೇ ಪ್ರಮಾಣವಾಗಿ ಮಾಡುವುದು ಯುಕ್ತ. ಸುಶ್ರುತನು ಅಧಿಪತಿಯನ್ನು ಕೇಳಬೇಕೆಂದನು; ಈಗ ಮಂಡಲಿ, ನ್ಯಾಯಾಲಯ, ಕುಟುಂಬ ಎಂದು ಅಧಿಪತಿಗಳು ಹಲವರಾಗಿರುವರು, ಶರೀರವುಳ್ಳವಳು ಮಾತ್ರ ಅರ್ಜಿದಾರಳಾಗಿಯೇ ಉಳಿದಿರುವಳು. ಎರಡು: ಪ್ರಸವಾವಸ್ಥೆಯಲ್ಲಿ ತಾಯಿಯ ಬಿಡುಗಡೆ, ಶಿಶುವಿನ ಪ್ರಾಣ ಎಂಬ ಎರಡು ಪ್ರಶ್ನೆಗಳನ್ನು ಕಾಯಿದೆಯು ಬೇರೆಬೇರೆಯಾಗಿ ಕೇಳಿ, ಎರಡಕ್ಕೂ ಕಾರಣಸಹಿತವಾಗಿ ಉತ್ತರಿಸಬೇಕು, ಅದಕ್ಕಾಗಿ ಆತ್ಮಾಶ್ರಯವಾದ ಲಕ್ಷಣವನ್ನು ತಿದ್ದಬೇಕು. ಮೂರು: ಪರರಿಂದಾದ ವಿಳಂಬವನ್ನು ಆಕೆಯ ಲೆಕ್ಕಕ್ಕೆ ಬರೆಯಬಾರದು.

ಇಷ್ಟರಿಂದ ಎಲ್ಲ ಸಂಕಟವೂ ತೀರುವುದೆಂದು ನಾವು ಹೇಳುವುದಿಲ್ಲ. ಬೇಡದ ಭಾರವನ್ನು ಹತ್ತು ವಾರ ಹೊರಬೇಕಾದವಳಿಗೆ ಯಾವ ಪದವಿಭಾಗವೂ ಭಾರವನ್ನು ಇಳಿಸಲಾರದು. ಆದರೆ ಕನ್ನಡದಲ್ಲಿ ಪಾಠಹೇಳುವವರೂ ಪತ್ರಿಕೆ ಬರೆಯುವವರೂ ಕಾಯಿದೆಗಳನ್ನು ಭಾಷಾಂತರಿಸುವವರೂ, ಎಂಟು ವಾರದ ಬಸಿರಿಗೂ ಆಲೆಮನೆಯ ಅಪರಾಧಕ್ಕೂ ಮನೋರೋಗದಿಂದ ನರಳುವ ತಾಯಿಯ ಅರ್ಜಿಗೂ ಭ್ರೂಣಹತ್ಯೆ ಎಂಬ ಒಂದೇ ಹೆಸರನ್ನು ಹಚ್ಚುವುದನ್ನಾದರೂ ನಿಲ್ಲಿಸಬಹುದು. ಹೆಸರು ತಪ್ಪಿದರೆ ಅಪರಾಧಿಯು ತಪ್ಪಿಸಿಕೊಳ್ಳುವನು, ನಿರಪರಾಧಿಯು ಸಿಕ್ಕಿಬೀಳುವಳು. ಸ್ರಾವ, ಪಾತ, ಪ್ರಸವ ಎಂಬ ಮೂರು ಪದಗಳು ನಮ್ಮಲ್ಲಿಯೇ ಇವೆ. ಅವುಗಳನ್ನು ಅವುಗಳ ಸ್ಥಾನದಲ್ಲಿ ಬಳಸುವುದು ನಮ್ಮ ಕೈಯಲ್ಲಿದೆ. ವಿದ್ವಾಂಸರು ಇದನ್ನು ಪರಿಶೀಲಿಸಿ, ಯುಕ್ತವಾದುದನ್ನು ಗ್ರಹಿಸಬೇಕೆಂದು ಪ್ರಾರ್ಥನೆ.